ಹರಿಕೇನ್ ಹಾದಿಯಲ್ಲಿ ದೋಣಿಮನೆ

ಅಮೆರಿಕದ ಫ್ಲಾರಿಡಾದ ದಕ್ಷಿಣ ತುದಿಯಿಂದ ಕಡಲೊಳಗೆ ಚಾಚಿಕೊಂಡಿರುವ ಕೀಸ್ ದ್ವೀಪಗಳಲ್ಲಿ ಮನೆ ಬಾಡಿಗೆ ಕೈಗೆಟುಕದೆ ದೋಣಿಯಲ್ಲೇ ಸಂಸಾರ ಹೂಡಿದವರಿದ್ದಾರೆ. ಎಲ್ಲಿಂದಲಾದರೂ ಕೆಲಸ ಮಾಡಬಹುದಾದ ಈ ಕಾಲದಲ್ಲಿ ಉಳಿತಾಯವನ್ನೆಲ್ಲ ಹಳೆಯ ಹಾಯಿದೋಣಿಗೆ ಸುರಿದು ಅಂಥ ಬದುಕಿಗೆ ಹೊರಟು ನಿಂತವರೂ ಇದ್ದಾರೆ. ಅಲ್ಲಿ ಹರಿಕೇನ್ ಎಂದು ಕರೆಯುವ ಚಂಡಮಾರುತ ಬಂದರೆ ಏನು ಮಾಡುತ್ತೀರಿ ಎಂದರೆ ಅವರಲ್ಲಿ ಉತ್ತರ ಸಿದ್ಧ: ಮುನ್ಸೂಚನೆ ಬಂದ ಕೂಡಲೇ ಲಂಗರು ಎತ್ತಿ ಹೊರಟುಬಿಡುವುದು. ಆ ಲೆಕ್ಕ ಈಗ ಕೈಕೊಡುತ್ತಿದೆ.

2023ರ ಅಕ್ಟೋಬರ್ 24ರ ಬೆಳಿಗ್ಗೆ ಮೆಕ್ಸಿಕೋ ಕರಾವಳಿಯ ಆಚೆ ಇದ್ದ 'ಓಟಿಸ್' ಇನ್ನೂ ಹರಿಕೇನ್ ಮಟ್ಟಕ್ಕೂ ಏರಿರಲಿಲ್ಲ. ನಡುರಾತ್ರಿ ಕಳೆಯುತ್ತಿದ್ದಂತೆ ಅದು ಗಂಟೆಗೆ 250 ಕಿ.ಮೀ. ಮೀರಿದ ಗಾಳಿಯೊಂದಿಗೆ, ಐದನೇ ವರ್ಗದ, ಎಂದರೆ ಅತಿ ತೀವ್ರ ಮಟ್ಟದ ಹರಿಕೇನ್ ಆಗಿ ಅಕಾಪುಲ್ಕೊಗೆ ಅಪ್ಪಳಿಸಿತು. ವಿಹಾರನೌಕೆಗಳನ್ನು ಕಾಯಲೆಂದು ಅವುಗಳಲ್ಲೇ ಉಳಿದಿದ್ದ ನಾವಿಕರಲ್ಲಿ ಅನೇಕರು ಜೀವ ಕಳೆದುಕೊಂಡರು. ಅವರೇನೂ ಹೊಸಬರಲ್ಲ, ಕಡಲು ಬಲ್ಲವರು. ಎಚ್ಚೆತ್ತುಕೊಳ್ಳಲು ಅವರಿಗೆ ಸಿಕ್ಕಿದ್ದೇ ಕೆಲವು ಗಂಟೆ.

24 ಗಂಟೆಯೊಳಗೆ ಗಾಳಿಯ ವೇಗ 30 ನಾಟ್, ಅಂದರೆ ಗಂಟೆಗೆ ಸುಮಾರು 55 ಕಿ.ಮೀ. ಹೆಚ್ಚಿದರೆ ಹವಾಮಾನ ತಜ್ಞರು ಅದನ್ನು ಕ್ಷಿಪ್ರ ತೀವ್ರೀಕರಣ ಎನ್ನುತ್ತಾರೆ. ಓಟಿಸ್ ಅದರ ಮೂರು ಪಟ್ಟು ಏರಿತು. 2024ರಲ್ಲಿ ಮೆಕ್ಸಿಕೋ ಕೊಲ್ಲಿಯಲ್ಲಿ 'ಮಿಲ್ಟನ್' ಕೂಡ ಹೀಗೆಯೇ ಉಬ್ಬಿತು. ಬಿಸಿನೀರೇ ಇವುಗಳ ಆಹಾರ. ಚಂಡಮಾರುತ ಹುಟ್ಟಿ ಬೆಳೆಯಲು ಕಡಲ ಮೇಲ್ಮೈ ಸಾಮಾನ್ಯವಾಗಿ ಕನಿಷ್ಠ ಸುಮಾರು 26.5 ಡಿಗ್ರಿ ಸೆಲ್ಸಿಯಸ್ ಇರಬೇಕು. ಕೀಸ್ ಪಕ್ಕದ ಮ್ಯಾನಟೀ ಕೊಲ್ಲಿಯಲ್ಲಿ 2023ರ ಜುಲೈನಲ್ಲಿ ದಾಖಲಾದದ್ದು 38.4 ಡಿಗ್ರಿ. ಅದು ಆಳವಿಲ್ಲದ, ಕಲಕಿದ ನೀರು, ಹಾಗಾಗಿ ಆ ಅಂಕಿಯನ್ನು ಇಡೀ ಕಡಲಿಗೆ ಅನ್ವಯಿಸುವಂತಿಲ್ಲ. ಆದರೆ ಕಡಲು ಬಿಸಿಯಾಗುತ್ತಿರುವುದರಲ್ಲಿ ಸಂಶಯವಿಲ್ಲ. ಚಂಡಮಾರುತ ಯಾವ ದಾರಿ ಹಿಡಿಯುತ್ತದೆಂದು ಹೇಳುವುದರಲ್ಲಿ ವಿಜ್ಞಾನ ಬಹಳ ಮುಂದೆ ಬಂದಿದೆ. ಎಷ್ಟು ಬಲಿಯುತ್ತದೆಂದು ಹೇಳುವುದರಲ್ಲಿ ಅಷ್ಟಿಲ್ಲ.

ಸಾಧಾರಣ ಹಾಯಿದೋಣಿ ಓಡುವುದು ಗಂಟೆಗೆ 10 ಕಿ.ಮೀ. ಆಸುಪಾಸು. ಹಗಲೂ ರಾತ್ರಿ ಓಡಿಸಿದರೂ ದಿನಕ್ಕೆ 240 ಕಿ.ಮೀ. ದಾಟುವುದು ಕಷ್ಟ. ದೊಡ್ಡ ಹರಿಕೇನ್‌ನ ಬಿರುಗಾಳಿ ಕೇಂದ್ರದಿಂದ ಅಷ್ಟೇ ದೂರ ಹಬ್ಬಿರಬಹುದು. ನದಿ, ಕಾಲುವೆಗಳ ಒಳಗೆ ಆಸರೆ ಹುಡುಕೋಣವೆಂದರೆ, ಗಾಳಿ ಏರುವ ಮುಂಚೆಯೇ ಎತ್ತುಸೇತುವೆಗಳನ್ನು ತೆರೆಯುವುದು ನಿಲ್ಲಿಸುತ್ತಾರೆ. ಹಾಯಿಗಂಬ ಹೊತ್ತ ದೋಣಿ ಅಲ್ಲೇ ಬಾಕಿ.

ಇನ್ನು ಗಟ್ಟಿಯಾಗಿ ಕಟ್ಟಿ ನಿಲ್ಲಿಸುವ ಮಾತು. ಗಾಳಿಯ ವೇಗ ಎರಡರಷ್ಟಾದರೆ ಅದರ ಒತ್ತಡ ನಾಲ್ಕರಷ್ಟಾಗುತ್ತದೆ. 40 ಅಡಿಯ ದೋಣಿಯ ಲಂಗರಿನ ಮೇಲೆ 30 ನಾಟ್ ಗಾಳಿಯಲ್ಲಿ ಬೀಳುವ ಎಳೆತವನ್ನು ಸುಮಾರು 540 ಕಿಲೋ ಎಂದು ಹಿಡಿಯುತ್ತಾರೆ. 120 ನಾಟ್‌ಗೆ ಅದು ಹದಿನಾರು ಪಟ್ಟು, ಎಂಟೂವರೆ ಟನ್ನಿಗೂ ಮೇಲೆ. ಅಲೆಗಳ ಜಗ್ಗಾಟ ಬೇರೆ. ನೈಲಾನ್ ಹಗ್ಗ ಗಂಟೆಗಟ್ಟಲೆ ಹಿಗ್ಗಿ ಕುಗ್ಗುವಾಗ ಅದರ ಎಳೆಗಳು ಒಂದಕ್ಕೊಂದು ಉಜ್ಜಿ ಒಳಗೇ ಕಾಯುತ್ತವೆ. ಬಿರುಗಾಳಿ ಕಳೆದ ಮೇಲೆ ಪರೀಕ್ಷಿಸಿದ ಕೆಲವು ಹಗ್ಗಗಳಲ್ಲಿ ಒಳಗಿನ ಎಳೆಗಳು ಕರಗಿ ಅಂಟಿಕೊಂಡಿದ್ದವು. ಹೊರಗಿನಿಂದ ನೋಡುವವರಿಗೆ ಹಗ್ಗ ಗಟ್ಟಿಯಾಗಿಯೇ ಕಾಣುತ್ತದೆ.

ಹಗ್ಗ ಉಳಿದರೂ ದೋಣಿ ಕಟ್ಟುವ ಕಟ್ಟೆ, ಅಂದರೆ ಡಾಕ್, ಉಳಿಯಬೇಕಲ್ಲ. ತೇಲುವ ಡಾಕ್‌ಗಳು ನೆಟ್ಟ ಕಂಬಗಳ ಗುಂಟ ಮೇಲೇಳುತ್ತವೆ; ನೀರು ಕಂಬದ ತುದಿ ಮೀರಿದರೆ ಡಾಕೇ ಕಳಚಿ ಹೋಗುತ್ತದೆ. 2022ರ 'ಇಯಾನ್' ಹರಿಕೇನ್‌ನಲ್ಲಿ ಫೋರ್ಟ್ ಮೈಯರ್ಸ್ ಬೀಚ್‌ನ ನೆಲದ ಮೇಲೆ ಕಡಲ ನೀರು 10ರಿಂದ 15 ಅಡಿ ಏರಿತ್ತು. ಸೀಗಡಿ ಹಿಡಿಯುವ ದೊಡ್ಡ ಬೋಟುಗಳು ದಡದ ಮೇಲೆ ಒಂದರ ಮೇಲೊಂದು ಬಿದ್ದಿದ್ದವು. ಬ್ರಿಟಿಷ್ ವರ್ಜಿನ್ ದ್ವೀಪಗಳ ಪರಾಕ್ವಿಟಾ ಕೊಲ್ಲಿ ಬಿರುಗಾಳಿಗೆ ಸುರಕ್ಷಿತ ತಾಣವೆಂದು ಹೆಸರಾಗಿತ್ತು. 2017ರಲ್ಲಿ 'ಇರ್ಮಾ' ಬಂದಾಗ ಅಲ್ಲಿ ಒತ್ತೊತ್ತಾಗಿ ಕಟ್ಟಿದ್ದ ದೋಣಿಗಳು ಕಳಚಿ, ಒಂದು ಇನ್ನೊಂದನ್ನು ಎಳೆದುಕೊಂಡು ದಡದಲ್ಲಿ ರಾಶಿಯಾದವು. ನಿಮ್ಮ ಹಗ್ಗ ಎಷ್ಟೇ ಭದ್ರವಿರಲಿ, ಪಕ್ಕದವರ ಹಗ್ಗ ನಿಮ್ಮ ಕೈಯಲ್ಲಿಲ್ಲ. ದೋಣಿ ದೊಡ್ಡದಾದರೆ ಸಾಕೆನ್ನುವವರು ನಮ್ಮ ಅರಬ್ಬೀ ಸಮುದ್ರವನ್ನೇ ನೋಡಲಿ. 2021ರ 'ತೌಕ್ತೆ' ಚಂಡಮಾರುತದಲ್ಲಿ ಮುಂಬೈ ಆಚೆ ತೈಲ ಕಾರ್ಮಿಕರು ತಂಗಿದ್ದ ಪಿ-305 ಬಾರ್ಜ್ ಲಂಗರು ಕಳಚಿಕೊಂಡು ಮುಳುಗಿತು. ಅದರಲ್ಲಿದ್ದ 261 ಮಂದಿಯಲ್ಲಿ 70ಕ್ಕೂ ಹೆಚ್ಚು ಜನ ಸತ್ತರು.

ಕೀಸ್ ಇರುವ ಮನ್ರೋ ಕೌಂಟಿಯ ತೆರವು ಯೋಜನೆಯಲ್ಲಿ ದೋಣಿವಾಸಿಗಳು ಮೊದಲ ಸಾಲಿನಲ್ಲೇ ಇದ್ದಾರೆ. ಬಿರುಗಾಳಿಗೆ ಸುಮಾರು 48 ಗಂಟೆ ಮುಂಚೆ, ಪ್ರವಾಸಿಗಳ ಜೊತೆಗೇ, ಅವರು ಹೊರಡಬೇಕು; ಕಾಂಕ್ರೀಟ್ ಮನೆಯವರ ಸರದಿ ಆಮೇಲೆ. ಮುಖ್ಯಭೂಮಿಗೆ ಹೋಗಲು ಹೆಚ್ಚಿನವರಿಗೆ ಇರುವುದು ಒಂದೇ ಹೆದ್ದಾರಿ. ಎಂದರೆ ದೋಣಿವಾಸಿಗೆ ಒಂದು ವಾಹನ ಬೇಕು, ಒಳನಾಡಿನಲ್ಲಿ ಇಳಿದುಕೊಳ್ಳಲು ಒಂದು ಜಾಗ ಬೇಕು, ಮನೆಯನ್ನು ನೀರಿನಲ್ಲೇ ಬಿಟ್ಟು ನಡೆಯುವ ಮನಸ್ಸೂ ಬೇಕು. ಮನಸ್ಸಿನದೇ ದೊಡ್ಡ ತೊಡಕು. ಬಟ್ಟೆಬರೆ, ಮಕ್ಕಳ ಪುಸ್ತಕ, ಬದುಕಿನ ಗಳಿಕೆಯೆಲ್ಲ ದೋಣಿಯಲ್ಲೇ ಇರುವಾಗ, ವಿಮೆಯೂ ಇಲ್ಲದಿದ್ದರೆ, ಜನ ಕೊನೆಗಳಿಗೆಯವರೆಗೆ ಹಗ್ಗ ಬಿಗಿಯುತ್ತಲೇ ಉಳಿಯುತ್ತಾರೆ.

ಆದ್ದರಿಂದ ದೋಣಿ ಕೊಳ್ಳುವ ಮೊದಲೇ ವಿಮೆಯ ಕಾಗದ ಓದಿ. ಹೆಸರಿಟ್ಟ ಚಂಡಮಾರುತದ ಹಾನಿಯನ್ನು ಹೊರಗಿಡುವ, ಹರಿಕೇನ್ ಋತುವಿನಲ್ಲಿ ದೋಣಿ ಇಂತಿಂಥ ಅಕ್ಷಾಂಶದ ಆಚೆ ಇರಲೇಬೇಕೆನ್ನುವ ಷರತ್ತುಗಳು ಅದರಲ್ಲಿರಬಹುದು. ಋತು ಜೂನ್ 1ರಿಂದ ನವೆಂಬರ್ 30ರವರೆಗೆ. ಆ ಆರು ತಿಂಗಳು ದೋಣಿಯನ್ನು ಒಳನಾಡಿನ ಯಾರ್ಡ್‌ನಲ್ಲಿ ನೆಲಕ್ಕೆ ಎತ್ತಿ, ಪಟ್ಟಿಯಿಂದ ಬಿಗಿದಿಟ್ಟು, ನೀವು ದಡದ ಮೇಲೆ ಬಾಡಿಗೆಗೆ ಇರುವ ಖರ್ಚನ್ನು ಲೆಕ್ಕಕ್ಕೆ ಸೇರಿಸಿ. ಯಾರ್ಡ್‌ನಲ್ಲಿ ಜಾಗವನ್ನು ತಿಂಗಳುಗಳ ಮುಂಚೆಯೇ ಕಾಯ್ದಿರಿಸಬೇಕು. ಅಷ್ಟು ಹಣ ಹೊಂದಿಸಲಾಗದಿದ್ದರೆ ಈ ಕಡಲಲ್ಲಿ ದೋಣಿಮನೆ ಬೇಡ.