ಡಿಜೆ ಕಂಟ್ರೋಲರಿನ ಬೆನ್ನನ್ನು ನೋಡಿ ಕೊಳ್ಳಿರಿ

ಕಂಪ್ಯೂಟರಿನಲ್ಲಿರುವ ಹಾಡುಗಳನ್ನು ಕೈಯಿಂದ ಬೆರೆಸುವ ಸಾಧನವೇ ಡಿಜೆ ಕಂಟ್ರೋಲರ್. ರಾಯಚೂರು, ದೇವದುರ್ಗ, ಮಾನ್ವಿಗಳ ಮದುವೆಯ ಬಯಲುಗಳಲ್ಲಿ ಅದನ್ನು ನುಡಿಸಬಯಸುವ ತರುಣನು ಮಧ್ಯಮ ದರ್ಜೆಯದನ್ನು ಕೊಳ್ಳಹೊರಟಾಗ ಗುಂಡಿಗಳನ್ನೂ ದೀಪಗಳನ್ನೂ ಎಣಿಸುವುದು ಸಹಜ. ಆದರೆ ನಾವು ಮೊದಲು ನೋಡಬೇಕಾದುದು ಬೆನ್ನಿನಲ್ಲಿ ಧ್ವನಿ ಹೊರಬರುವ ಕಿಂಡಿಯನ್ನು.

ಆರಂಭದ ದರ್ಜೆಯಲ್ಲಿ ಇದು ಸಾಮಾನ್ಯವಾಗಿ ಆರ್‌ಸಿಎ ಕಿಂಡಿ. ಅದರ ತಂತಿಯಲ್ಲಿ ಸಂಕೇತವನ್ನೊಯ್ಯುವ ಎಳೆ ಒಂದೇ. ಲೋಹದ ಹೊದಿಕೆಯೇ ಮರುದಾರಿ. ಕೋಣೆಯೊಳಗೆ ಇಷ್ಟು ಸಾಕು. ಬಯಲಿನಲ್ಲಿ 20 ಮೀಟರ್ ಎಳೆದರೆ, ಪಕ್ಕದ ವಿದ್ಯುತ್ ತಂತಿಗಳ ಪ್ರಭಾವ ಅದರೊಳಗೆ ನುಸುಳುತ್ತದೆ. ಶಕ್ತಿನಗರದಲ್ಲಿ ಉತ್ಪನ್ನವಾಗುವ ವಿದ್ಯುತ್ತು ಸೆಕೆಂಡಿಗೆ 50 ಬಾರಿ ಆಂದೋಲಿಸುವಂಥದು. ಆ ಆಂದೋಲನವೇ ಹಾಡಿನೊಡನೆ ಗುಂಯ್‌ಗುಡುತ್ತದೆ.

ಎಕ್ಸ್‌ಎಲ್‌ಆರ್ ಕಿಂಡಿಯಿಂದ ಸಂಕೇತವು ಎರಡು ಎಳೆಗಳಲ್ಲಿ ಪರಸ್ಪರ ವಿರುದ್ಧವಾಗಿ ಹೊರಡುತ್ತದೆ: ಒಂದರಲ್ಲಿ +1, ಇನ್ನೊಂದರಲ್ಲಿ –1 ಎನ್ನೋಣ. ದಾರಿಯಲ್ಲಿ ಎರಡಕ್ಕೂ 0.2ರಷ್ಟು ಗದ್ದಲ ಸೇರಿದರೆ ಅವು 1.2 ಮತ್ತು –0.8 ಆಗುವುವು. ಆಚೆ ಕೊನೆಯ ಧ್ವನಿವರ್ಧಕವು ಇವುಗಳ ವ್ಯತ್ಯಾಸವನ್ನಷ್ಟೇ ಗ್ರಹಿಸುತ್ತದೆ. ಅದು 2. ಹಾಡು ಉಳಿಯಿತು, ಗದ್ದಲ ಅಳಿಯಿತು!

ಮಧ್ಯಮ ದರ್ಜೆಯ ಎಲ್ಲ ಕಂಟ್ರೋಲರುಗಳಿಗೂ ಈ ಕಿಂಡಿಯಿಲ್ಲ. ಧ್ವನಿವರ್ಧಕದಲ್ಲಿಯೂ ಇದೇ ಏರ್ಪಾಡಿರಬೇಕು. ಎರಡನ್ನೂ ನೋಡದೆ ಹೆಚ್ಚು ಹಣ ತೆತ್ತವನಿಗೆ ದೊರೆಯುವುದು ಹೆಚ್ಚು ಗುಂಡಿಗಳು, ಮತ್ತು ಅದೇ ಗುಂಯ್‌ಗಾರ.