ಕೊಕೇನಿನ ಸುದ್ದಿ, ಸೇಂದಿಯ ಪುಡಿ

2020ರಲ್ಲಿ ಚಿತ್ರರಂಗದೊಂದಿಗೆ ತಳುಕು ಹಾಕಿಕೊಂಡ ಬೆಂಗಳೂರಿನ ಮಾದಕ ದ್ರವ್ಯ ಪ್ರಕರಣ ಸುದ್ದಿಯಾದಾಗ, ಕೊಕೇನ್ ಎಂಬ ಹೆಸರು ಜೇವರ್ಗಿ ತಾಲ್ಲೂಕಿನ ನಮ್ಮ ಅಂದೋಲಾದಲ್ಲೂ ಚರ್ಚೆಗೆ ಬಂತು. ಮೂಗಿನಿಂದ ಸೆಳೆದ ಕೊಕೇನ್ ಕೆಲವೇ ನಿಮಿಷಗಳಲ್ಲಿ ಮಿದುಳನ್ನು ಮುಟ್ಟುತ್ತದೆ. ಸುಖದ ಸಂದೇಶ ಒಯ್ಯುವ ಡೋಪಮೈನ್ ನರಕೋಶಕ್ಕೆ ಮರಳದಂತೆ ತಡೆಯುತ್ತದೆ. ಆದ್ದರಿಂದಲೇ ಆ ಅರ್ಧ ತಾಸಿನ ಉಲ್ಲಾಸ, ಹಸಿವು ನಿದ್ರೆಗಳ ಮರೆವು. ಕೆಲವರಿಗೆ ಕಾರಣವಿಲ್ಲದ ಶಂಕೆ, ಭಯ. ಅದೇ ವೇಳೆಗೆ ರಕ್ತದೊತ್ತಡ ಏರಿ, ಹೃದಯದ ರಕ್ತನಾಳಗಳು ಕುಗ್ಗುತ್ತವೆ. ಗಟ್ಟಿಮುಟ್ಟಾದ ತರುಣನಿಗೂ ಹೃದಯಾಘಾತವಾಗಬಹುದು.

ನಮ್ಮ ಸೀಮೆಯ ಪುಡಿಯೇ ಬೇರೆ. ರಾಯಚೂರು, ಯಾದಗಿರಿ, ಕಲಬುರಗಿ ಭಾಗದಲ್ಲಿ ಅಬಕಾರಿಯವರು ಪದೇ ಪದೇ ವಶಪಡಿಸಿಕೊಂಡಿರುವ ಸಿ.ಎಚ್. ಪೌಡರ್, ಅಂದರೆ ಕ್ಲೋರಲ್ ಹೈಡ್ರೇಟ್. 1869ರಲ್ಲಿ ಬರ್ಲಿನ್ನಿನ ಲೀಬ್ರೈಕ್ ಇದನ್ನು ನಿದ್ರೆಯ ಔಷಧವಾಗಿ ಬಳಕೆಗೆ ತಂದ. ಇಲ್ಲಿ ಅದು ನೀರು, ಸ್ಯಾಕರಿನ್‌ಗಳೊಡನೆ ಬೆರೆತು ಸೇಂದಿಯಾಗುತ್ತದೆ; ಈಚಲು ಮರವನ್ನೇ ಕಾಣದ ಸೇಂದಿ! ಕೊಕೇನ್ ಕೆರಳಿಸಿದರೆ ಇದು ಅದುಮುತ್ತದೆ. ಅರ್ಧ ತಾಸಿನಲ್ಲಿ ನಾಲಿಗೆ ತೊದಲುತ್ತದೆ, ಕಾಲು ತಡವರಿಸುತ್ತದೆ, ನಿದ್ರೆ ಕವಿಯುತ್ತದೆ. ಪ್ರಮಾಣ ಮೀರಿದರೆ ಉಸಿರು ಕುಂದಿ, ಹೃದಯದ ಬಡಿತ ಲಯ ತಪ್ಪುತ್ತದೆ. ಜೊತೆಗೆ ಮದ್ಯವೂ ಸೇರಿದರೆ ಅಪಾಯ ಇನ್ನಷ್ಟು. ನೋಡುವವರಿಗೆ ಆತ ಕುಡಿದು ಮಲಗಿದವನು, ಅಷ್ಟೆ. ಎಬ್ಬಿಸಲು ಯಾರೂ ಮುಂದಾಗುವುದಿಲ್ಲ.

ಇನ್ನೊಂದು ವ್ಯತ್ಯಾಸ ನನ್ನ ದೃಷ್ಟಿಯಲ್ಲಿ ಹೆಚ್ಚು ಮುಖ್ಯ. ಕೊಕೇನ್ ಬಿಟ್ಟವನು ದಣಿಯುತ್ತಾನೆ, ಖಿನ್ನನಾಗುತ್ತಾನೆ, ಮತ್ತೆ ಬೇಕೆಂದು ಹಪಹಪಿಸುತ್ತಾನೆ. ಬಿಟ್ಟ ಕಾರಣಕ್ಕೇ ಫಿಟ್ಸ್ ಬರುವುದು ಸಾಮಾನ್ಯವಲ್ಲ. ಈ ಪುಡಿಯನ್ನು ನಿತ್ಯ ಕುಡಿದವನಿಗೆ ಅದು ಹಠಾತ್ತನೆ ನಿಂತರೆ ನಡುಕ, ಭ್ರಮೆ, ಫಿಟ್ಸ್, ಜೀವವೂ ಹೋಗಬಹುದು. 2015ರ ಸೆಪ್ಟೆಂಬರಿನಲ್ಲಿ ನೆರೆಯ ತೆಲಂಗಾಣದಲ್ಲಿ ಕಲಬೆರಕೆ ಸೇಂದಿಯ ವಿರುದ್ಧ ಕ್ರಮ ಬಿಗಿಯಾದಾಗ ನಿಜಾಮಾಬಾದ್, ಮಹಬೂಬ್‌ನಗರಗಳ ಕಡೆ ನೂರಾರು ಜನ ಇಂಥ ಲಕ್ಷಣಗಳೊಡನೆ ಆಸ್ಪತ್ರೆ ಸೇರಿದರು. ಅಲ್ಲಿಯ ಸೇಂದಿಯಲ್ಲಿ ಅಲ್ಪ್ರಜೋಲಂ, ಡಯಾಜೆಪಾಂ ಕೂಡ ಇರುತ್ತಿದ್ದವು.

ದಾಳಿ ಬೇಡವೆಂದು ನಾನು ಹೇಳುತ್ತಿಲ್ಲ. ಆದರೆ ಪುಡಿ ಹಿಡಿದ ಸುದ್ದಿ ಪತ್ರಿಕೆಯಲ್ಲಿ ಬರುತ್ತದೆ, ಅದನ್ನು ಕುಡಿಯುತ್ತಿದ್ದವರು ಮರುದಿನ ಏನಾದರೆಂಬುದು ಬರುವುದಿಲ್ಲ. ದಾಳಿಯ ದಿನವೇ ತಾಲ್ಲೂಕು ಆಸ್ಪತ್ರೆಗೆ ತಿಳಿಸಿ ಹಾಸಿಗೆ, ಔಷಧ ಸಿದ್ಧಪಡಿಸುವುದು ಅಷ್ಟು ಕಷ್ಟವೇ? ನಮ್ಮೂರಿನಲ್ಲಿ ಅಪರಾತ್ರಿ ಯಾರಿಗಾದರೂ ಫಿಟ್ಸ್ ಬಂದರೆ ಮೊದಲು ಜೇವರ್ಗಿ. ಅಲ್ಲಿ ಆಗದಿದ್ದರೆ ಕಟ್ಟಿಸಂಗಾವಿಯ ಭೀಮಾ ಸೇತುವೆ ದಾಟಿ ಕಲಬುರಗಿ. ಅಷ್ಟು ದೂರ ಹೋಗಿಯೂ ಮರ್ಯಾದೆಗೆ ಅಂಜಿ ಮನೆಯವರು ಸೇಂದಿಯ ಮಾತನ್ನೇ ಎತ್ತದಿದ್ದರೆ, ವೈದ್ಯರು ಇದು ಮಿದುಳು ಜ್ವರವೋ ಮೂರ್ಛೆರೋಗವೋ ಎಂದು ಹುಡುಕುತ್ತ ಹೊತ್ತು ಕಳೆಯಬೇಕಾಗುತ್ತದೆ. ಎಷ್ಟು ದಿನದಿಂದ ಕುಡಿಯುತ್ತಿದ್ದ, ಕೊನೆಯ ಸಲ ಕುಡಿದದ್ದು ಯಾವಾಗ ಎಂಬೆರಡು ಮಾತು ಮೊದಲೇ ಹೇಳಿದರೆ ಚಿಕಿತ್ಸೆ ಅಲ್ಲಿಂದಲೇ ಆರಂಭವಾಗುತ್ತದೆ.