ದೊರೆಯ ತಟ್ಟೆ, ಬಡವನ ಬಟ್ಟಲು

ಪ್ರಶ್ನೆ: ‘ಗೇಮ್ ಆಫ್ ಥ್ರೋನ್ಸ್’ ಲೋಕದಲ್ಲಿ ಬರೀ ರಾಜರ ಔತಣವೇ ಕಾಣುತ್ತದೆ. ಅಲ್ಲಿನ ಬಡವರು ದಿನಾ ಏನು ಉಣ್ಣುತ್ತಾರೆ?

ಉತ್ತರ: ಧಾರಾವಾಹಿ ಬಿಟ್ಟು ಜಾರ್ಜ್ ಆರ್. ಆರ್. ಮಾರ್ಟಿನ್ನರ ಕಾದಂಬರಿಗೆ ಹೋದರೆ ಉತ್ತರ ಸಿಗುತ್ತದೆ. 1996ರಲ್ಲಿ ಬಂದ ಮೊದಲ ಸಂಪುಟದಲ್ಲೇ ರಾಜಧಾನಿಯ ಕೊಳೆಗೇರಿ ಫ್ಲೀ ಬಾಟಮ್ ಇದೆ. ಅಲ್ಲಿ ಓಣಿಯುದ್ದಕ್ಕೂ ಗಂಜಿ ಅಂಗಡಿಗಳು. ವರ್ಷಗಟ್ಟಲೆ ಒಲೆಯಿಂದ ಇಳಿಯದ ಹಂಡೆಗಳಲ್ಲಿ ಬಾರ್ಲಿ, ಗಜ್ಜರಿ, ಈರುಳ್ಳಿ, ಟರ್ನಿಪ್ ಗೆಡ್ಡೆ ಕುದಿಯುತ್ತಿರುತ್ತವೆ. ಮೇಲೆ ಜಿಡ್ಡಿನ ಪದರ. ಹೆಸರು ‘ಕಂದು ಬಟ್ಟಲು’. ಮಾಂಸ ಯಾವುದರದ್ದೆಂದು ಕೇಳದಿರುವುದೇ ಲೇಸು. ಮೂರನೆಯ ಸಂಪುಟದಲ್ಲಿ ಬಾಯಿಬಡುಕ ಗಾಯಕನೊಬ್ಬ ಅದೇ ಹಂಡೆ ಸೇರುತ್ತಾನೆ! ಮೊದಲ ಸಂಪುಟದಲ್ಲಿ ಆ ಓಣಿಗಳಲ್ಲಿ ಅಲೆಯುವ ಕುಲೀನ ಮನೆತನದ ಪುಟ್ಟ ಆರ್ಯಾ ತಾನು ಹೊಡೆದ ಪಾರಿವಾಳದ ಅರ್ಧ ಕೊಟ್ಟು, ಹಿಂದಿನ ದಿನದ ಬ್ರೆಡ್ಡಿನ ತುದಿಯ ಜೊತೆ ಒಂದು ಬಟ್ಟಲು ಪಡೆಯುತ್ತಾಳೆ. ಕಾಸಿಲ್ಲದವರ ವ್ಯವಹಾರ ಹಾಗೆ.

ಕುಲೀನರ ಬೆಳಗಿನ ತಿಂಡಿ? ಉತ್ತರದ ಕೋಟೆ ವಿಂಟರ್‌ಫೆಲ್‌ನಲ್ಲಿ ರಾಣಿಯ ತಮ್ಮ ಟಿರಿಯನ್ ಕೇಳುವುದು ಬ್ರೆಡ್, ಎರಡು ಸಣ್ಣ ಮೀನು, ಕಪ್ಪು ಬಿಯರ್, ಕರಕಲಾಗುವಂತೆ ಹುರಿದ ಹಂದಿಮಾಂಸ. ಅಂದರೆ ದಿನದ ಊಟದಲ್ಲಿ ಅಂತರವಿರುವುದು ಅಡುಗೆಯ ಜಾಣ್ಮೆಗಿಂತ ಮಾಂಸದ ಖಾತ್ರಿಯಲ್ಲಿ. ಔತಣದ ಮಾತು ಬೇರೆ: ರಾಜ ಜಾಫ್ರಿಯ ಮದುವೆಗೆ 77 ಬಗೆ, ಅದೂ ಊರಲ್ಲಿ ಮಕ್ಕಳು ಹಸಿದಿರುವಾಗ. ಟಿರಿಯನ್ ಅಲ್ಲೇ ಮನಸ್ಸಿನಲ್ಲಿ ಗೊಣಗಿಕೊಳ್ಳುತ್ತಾನೆ.

ಇದೆಲ್ಲ ಪೂರ್ತಿ ಕಲ್ಪನೆಯಲ್ಲ. ಮಧ್ಯಯುಗದ ಯುರೋಪಿನಲ್ಲಿ ಗಟ್ಟಿ ಬ್ರೆಡ್ಡಿನ ಹೋಳನ್ನೇ ತಟ್ಟೆ ಮಾಡಿಕೊಂಡು ಉಣ್ಣುತ್ತಿದ್ದರು. ಉಂಡವರು ಎದ್ದ ಮೇಲೆ ಸಾರು ಹೀರಿದ ಆ ತಟ್ಟೆ ಬಾಗಿಲಲ್ಲಿ ಕಾದಿದ್ದ ಬಡವರಿಗೋ ನಾಯಿಗಳಿಗೋ ಹೋಗುತ್ತಿತ್ತು.